ಬೋರಲು ಹಾಕಿಟ್ಟ ಮೂರು ಕಲ್ಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ದೂರಬಾರದು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಚಂದ್ರಮೌಳಿ ನನ್ನ ಕೋಪಕ್ಕೆ ಹೆದರಿ ಎಷ್ಟು ಮಾತು ನುಂಗಿಕೊಂಡಿದ್ದಾರೋ ಆ ದೇವರಿಗೇ ಗೊತ್ತು. ಅವರು ಹೋಗಿ ಎರಡು ವರ್ಷವಾಯಿತು. ಮಗ ಶಶಾಂಕ್ ಅಡಿಲೇಡಿನಲ್ಲಿ, ಮಗಳು ಅದಿತಿ ಬ್ರಿಸ್ಬೇನಿನಲ್ಲಿ, ಪರ್ತ್‌ನ ಈ ಜೂಂಡಲಪ್ ಮನೆಯಲ್ಲಿ ನಾನು. ಬೈಯೋಣವೆಂದರೆ ಒಂದು ನರಪಿಳ್ಳೆಯೂ ಇಲ್ಲ.

ಹಾಗಾಗಿ ದೇವರಮನೆಯ ಕಲ್ಲಿನ ಜೊತೆ ಮಾತಾಡುತ್ತಿದ್ದೆ. ಅದಕ್ಕೆ ನೀರೆರೆದು, ಒರೆಸಿ, ಅರಿಶಿನ ಕುಂಕುಮ ಇಟ್ಟು, ಪಕ್ಕದ ಮನೆಯವಳ ನಾಯಿ ಬೊಗಳಿದ್ದರಿಂದ ಹಿಡಿದು ಅಂಗಡಿಯ ಕರಿಬೇವು ಬಾಡಿಹೋಗಿದ್ದುದರವರೆಗೆ ಎಲ್ಲವನ್ನೂ ಹೇಳುತ್ತಿದ್ದೆ. ದಿನದಲ್ಲಿ ನಾನು ಆಡುವ ಕನ್ನಡ ಅಷ್ಟೇ ಆಗಿತ್ತು.

ಆ ಕಲ್ಲು ನಮ್ಮ ಮನೆಗೆ ಬಂದ ಕಥೆ ಹೀಗೆ. ಚಂದ್ರಮೌಳಿ ಭೂವಿಜ್ಞಾನಿ. ಪಿಲ್ಬರಾದ ಗಣಿ ಪ್ರದೇಶದಲ್ಲಿ ಎರಡು ವಾರ ಕೆಲಸ, ಒಂದು ವಾರ ಮನೆ. ೨೦೦೬ರಲ್ಲಿ, ನಾವು ಇಲ್ಲಿಗೆ ಬಂದ ಎರಡನೇ ವರ್ಷ, ಹಾಗೆ ಮನೆಗೆ ಬಂದವರು ಚೀಲದಿಂದ ಟವೆಲಿನಲ್ಲಿ ಸುತ್ತಿದ್ದ ಒಂದು ಕಲ್ಲನ್ನು ತೆಗೆದು ನನ್ನ ಮುಂದಿಟ್ಟರು. ಊಟದ ತಟ್ಟೆಯಷ್ಟು ಅಗಲ, ಕೆಂಪುಗಂದು ಬಣ್ಣ, ಚಪ್ಪಟೆ. ನಡುವೆ ಉದ್ದಕ್ಕೆ ಒಂದು ತಗ್ಗು.

"ತಗೋ, ನಿನ್ನ ಒರಳು. ಮಿಕ್ಸಿ ಚಟ್ನಿ ಮಿಕ್ಸಿ ಚಟ್ನಿ ಅಂತ ನನ್ನ ತಲೆ ತಿಂತಿದ್ದೆಯಲ್ಲ," ಎಂದರು.

ತಿನ್ನುತ್ತಿದ್ದದ್ದು ನಿಜ. ಈ ದೇಶದಲ್ಲಿ ಎಲ್ಲ ಇದೆ, ರುಬ್ಬೋದಕ್ಕೆ ಒಂದು ಕಲ್ಲಿಲ್ಲ ಎಂದು ಎರಡು ವರ್ಷ ರಾಗ ಎಳೆದಿದ್ದೆ. ಆ ತಗ್ಗಿನಲ್ಲಿ ಬೆರಳಾಡಿಸಿದೆ. ನುಣ್ಣಗಿತ್ತು. ಮಳೆ ಗಾಳಿಗೆ ಕಲ್ಲು ಸವೆಯುವುದು ಬೇರೆ, ಕೈಗೆ ಸವೆಯುವುದು ಬೇರೆ. ಅದನ್ನು ತಿಳಿಯಲು ಭೂವಿಜ್ಞಾನ ಬೇಡ, ಒಂದು ವರ್ಷ ದೋಸೆಗೆ ರುಬ್ಬಿದ್ದರೆ ಸಾಕು. ಮೈಸೂರಿನ ನಮ್ಮ ವಠಾರದಲ್ಲಿ ನೆಲಕ್ಕೆ ಹೂತ ಒರಳಿತ್ತು. ಬಾಡಿಗೆಯವರು ಬರುತ್ತಿದ್ದರು, ಹೋಗುತ್ತಿದ್ದರು, ಒರಳು ಅಲ್ಲೇ ಇರುತ್ತಿತ್ತು. ಮನೆ ಬಿಡುವ ಹೆಂಗಸು ಅದನ್ನು ತೊಳೆದಿಟ್ಟು ಹೋಗಬೇಕು, ಮುಂದೆ ಬರುವವಳಿಗೆ. "ಒರಳು ಮನೇದು ಕಣೇ, ನಮ್ಮದಲ್ಲ," ಎನ್ನುತ್ತಿದ್ದಳು ನನ್ನಮ್ಮ.

"ಯಾರದ್ದು ರೀ ಇದು?" ಎಂದು ಕೇಳಿದೆ.

"ಯಾರದ್ದೂ ಅಲ್ಲ. ಬಯಲಲ್ಲಿ ಬಿದ್ದಿತ್ತು."

ಎರಡನೇ ಸಲ ಕೇಳಲಿಲ್ಲ. ಸಾಸಿವೆ ಕಾಳಿಗೆಲ್ಲ ಜಗಳ ತೆಗೆಯುವ ನಾನು ಅವತ್ತು ಬಾಯಿ ಬಿಡಲಿಲ್ಲ. ಅದರ ಮೇಲೆ ಚಟ್ನಿ ಅರೆಯಲು ಕೈ ಬರಲಿಲ್ಲ, ಆಚೆ ಎಸೆಯಲೂ ಮನಸ್ಸಾಗಲಿಲ್ಲ. ತೊಳೆದು, ಕುಂಕುಮ ಹಚ್ಚಿ, ದೇವರ ಮಂಟಪದಲ್ಲಿ ಇಟ್ಟುಬಿಟ್ಟೆ. ದೇವರನ್ನಾಗಿ ಮಾಡಿದ ಮೇಲೆ ಯಾರದ್ದೆಂದು ಯಾರು ಕೇಳುತ್ತಾರೆ? ಯಾರೂ ಕೇಳಲಿಲ್ಲ. ಬಂದವರೆಲ್ಲ ಕೈ ಮುಗಿದರು. ಕನ್ನಡ ಸಂಘದ ರಮಾಕಾಂತ್ ಅದಕ್ಕೆ "ಪಿಲ್ಬರಾ ಈಶ್ವರ" ಎಂದು ಹೆಸರನ್ನೂ ಇಟ್ಟ. ಶಿವರಾತ್ರಿಗೆ ಹಾಲು ತರುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಾನು ಹತ್ತೊಂಬತ್ತು ವರ್ಷ ಕಣ್ಣು ಮುಚ್ಚಿ ಹಾಲೆರೆದೆ.

ಈ ವರ್ಷ ಯುಗಾದಿಯ ದಿನ ಅದಿತಿ ವಿಡಿಯೋ ಕಾಲ್ ಮಾಡಿದ್ದಳು. ಅವಳು ಬ್ರಿಸ್ಬೇನಿನಲ್ಲಿ ಶಾಲಾ ಟೀಚರ್. ಪೂಜೆ ತೋರಿಸೆಂದಳು, ತೋರಿಸಿದೆ. ಇದ್ದಕ್ಕಿದ್ದಂತೆ, "ಅಮ್ಮಾ, ಸ್ಟಾಪ್. ಆ ಕಲ್ಲು ಹತ್ರ ಹೋಗು," ಎಂದಳು. ಹೋದೆ.

"ದಟ್ಸ್ ಎ ಗ್ರೈಂಡ್‌ಸ್ಟೋನ್. ಅಬೊರಿಜಿನಲ್ ಹೆಂಗಸರು ಬೀಜ ಅರೀತಿದ್ದ ಕಲ್ಲು ಅದು. ನಮ್ಮ ಸ್ಕೂಲ್‌ನಲ್ಲಿ ಈ ವರ್ಷ ಗ್ಲಾಸ್ ಹಿಂದೆ ಇಂಥದ್ದೇ ಒಂದು ಇಟ್ಟಿದ್ದಾರೆ. ಅಪ್ಪ ಎಲ್ಲಿಂದ ತಂದ್ರು?"

"ನಿಮ್ಮಪ್ಪ ಸತ್ತು ಎರಡು ವರ್ಷ ಆಯ್ತು, ಹೋಗಿ ಕೇಳ್ಕೊಂಡು ಬಾ," ಎಂದು ಫೋನ್ ಕುಕ್ಕಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಯಿತು. ಅವತ್ತು ಹೋಳಿಗೆ ತಟ್ಟಿದ್ದೆ, ತಿನ್ನಲಿಲ್ಲ.

ಮೇ ಕೊನೆಯಲ್ಲಿ ಇಲ್ಲಿ ರಿಕನ್ಸಿಲಿಯೇಷನ್ ವಾರ ನಡೆಯುತ್ತದೆ. ಮೂಲನಿವಾಸಿಗಳಿಗೆ ಆದದ್ದನ್ನು ಬಾಯಿ ಬಿಟ್ಟು ಹೇಳುವ, ಕೂತು ಕೇಳುವ ವಾರ. ನಮ್ಮ ಲೈಬ್ರರಿಯಲ್ಲೂ ಒಂದು ಸಭೆಯಿತ್ತು. ಪುಸ್ತಕ ಹಿಂದಿರುಗಿಸಲು ಹೋದವಳು ಕಾಲು ನೋವೆಂಬ ನೆಪ ಮಾಡಿಕೊಂಡು ಕೊನೆಯ ಕುರ್ಚಿಯಲ್ಲಿ ಕುಳಿತೆ. ಮಾತಾಡುತ್ತಿದ್ದವರು ಆಂಟಿ ಲೊರೇನ್. ಅವರಲ್ಲೂ ಹಿರಿಯ ಹೆಂಗಸರಿಗೆ ಆಂಟಿ ಎಂದೇ ಮರ್ಯಾದೆ. ಪಿಲ್ಬರಾದವರು, ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ಬೇಕಾದ್ದರಿಂದ ಊರು ಬಿಟ್ಟು ಪರ್ತ್‌ನಲ್ಲಿ ಒಂದು ಕೋಣೆಯಲ್ಲಿ ಇದ್ದರು. ದನಿ ಸಣ್ಣದು, ಮಾತು ಖಡಕ್ಕು.

ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಬಾಯಲ್ಲೇ ಹೇಳುತ್ತೇನೆ. "ನಮ್ಮ ಅಜ್ಜಿಯರ ಕಲ್ಲುಗಳು ಪೆಟ್ಟಿಗೆಗಳಲ್ಲಿ ವಾಪಸ್ ಬರ್ತಾ ಇವೆ. ಜನ ಒಳ್ಳೇ ಮನಸ್ಸಿಂದಲೇ ಕೊಡ್ತಾರೆ. ಆದ್ರೆ ಎಲ್ಲಿಂದ ತಂದದ್ದು ಅಂದ್ರೆ ಗೊತ್ತಿಲ್ಲ ಅಂತಾರೆ. ಜಾಗ ಗೊತ್ತಿಲ್ಲದ ಕಲ್ಲನ್ನ ನಾನು ಎಲ್ಲಿ ಇಡಲಿ? ಯಾವ ಹೆಂಗಸರಿಗೆ ಕೊಡಲಿ? ಉಗ್ರಾಣದಲ್ಲೇ ಕೂತಿವೆ, ತಬ್ಬಲಿ ಮಕ್ಕಳ ಹಾಗೆ."

ಸಭೆ ಮುಗಿದ ಮೇಲೆ ಹೋಗಿ ಅವರ ಮುಂದೆ ನಿಂತೆ. "ನನ್ನ ಹತ್ರ ಒಂದಿದೆ," ಎಂದೆ.

ಅವರು ನನ್ನ ಹಣೆಯ ಕುಂಕುಮ ನೋಡಿದರು, ಸೀರೆ ನೋಡಿದರು. "ಎಲ್ಲಿಂದ?" ಎಂದರು.

"ಗೊತ್ತಿಲ್ಲ. ಗೊತ್ತು ಮಾಡ್ಕೊಂಡು ಬರ್ತೀನಿ," ಎಂದೆ.

ಜಾಗ ತಿಳಿಯಲು ಒಂದೇ ದಾರಿಯಿತ್ತು. ಚಂದ್ರಮೌಳಿ ಹೋದಲ್ಲೆಲ್ಲ ಹಸಿರು ರಟ್ಟಿನ ಪುಸ್ತಕವೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಕಲ್ಲಿನ ವಿವರ, ಅಕ್ಷಾಂಶ ರೇಖಾಂಶಗಳೆಲ್ಲ ಇಂಗ್ಲಿಷಿನಲ್ಲಿ. ತಮ್ಮ ಸ್ವಂತ ಮಾತು, ಅಂದರೆ ಮ್ಯಾನೇಜರನ ಮೇಲಿನ ಸಿಟ್ಟು, ಹೊಟ್ಟೆಯುಬ್ಬರ, ಮನೆಯ ನೆನಪು, ಅದೆಲ್ಲ ಕನ್ನಡದಲ್ಲಿ. ಆ ಕ್ಯಾಂಪಿನಲ್ಲಿ ಕನ್ನಡವೆಂದರೆ ಬೀಗ ಹಾಕಿದ ಪೆಟ್ಟಿಗೆಯಿದ್ದ ಹಾಗೆ. ಅವರು ತೀರಿಕೊಂಡ ಮೇಲೆ ಆ ಪುಸ್ತಕಗಳನ್ನೆಲ್ಲ ಶಶಾಂಕ್ ಅಡಿಲೇಡಿಗೆ ತೆಗೆದುಕೊಂಡು ಹೋಗಿದ್ದ.

ಅಡಿಲೇಡಿಗೆ ಹೋದೆ. ಅಲ್ಲಿನ ಗ್ಲೆನೆಲ್ಗ್ ಬಡಾವಣೆಯಲ್ಲಿ ಅವನದು ಸಮುದ್ರ ಕಾಣುವ ಅಪಾರ್ಟ್‌ಮೆಂಟು. ಅವನೂ ಗಣಿ ಇಂಜಿನಿಯರೇ. ಜೂನ್ ತಿಂಗಳ ಚಳಿಯಲ್ಲಿ ಅವನ ಕೆಳಗಿನ ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ತೆರೆದು ಕುಳಿತೆವು. ಒಂದೊಂದು ಪುಸ್ತಕ ತೆರೆದಾಗಲೂ ಅವರ ಅಕ್ಷರ. ಎರಡು ವರ್ಷ ತಡೆದುಕೊಂಡಿದ್ದ ಅಳು ಅಲ್ಲಿ ಬಂತು. ಮಗ ಏನೂ ತೋಚದೆ ಹೋಗಿ ಕಾಫಿ ತಂದ.

ಸಿಕ್ಕಿತು. ೧೭ ಜುಲೈ ೨೦೦೬. ಮೇಲೆ ಇಂಗ್ಲಿಷಿನ ಅಂಕಿಗಳು. ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು. ಓದಿದೆ. ಮತ್ತೊಮ್ಮೆ ಓದಿದೆ.

"ಏನಂತೆ?" ಎಂದ ಶಶಾಂಕ್. ಹನ್ನೊಂದು ವರ್ಷಕ್ಕೆ ಇಲ್ಲಿಗೆ ಬಂದವನು, ಕನ್ನಡ ಮಾತಾಡುತ್ತಾನೆ, ಓದುವುದು ಮರೆತಿದ್ದಾನೆ.

"ಇಲ್ಲಿ ಮೂರು ಅರೆಯುವ ಕಲ್ಲುಗಳಿವೆ, ಬೋರಲು ಹಾಕಿಟ್ಟಿದ್ದಾರೆ. ವರದಿಯಲ್ಲಿ ಬರೆದರೆ ದಾರಿ ಬದಲಿಸಬೇಕು, ಕೆಲಸ ಆರು ತಿಂಗಳು ನಿಲ್ಲುತ್ತದೆ. ಬರೆಯುತ್ತಿಲ್ಲ," ಎಂದು ಓದಿ ಪುಸ್ತಕ ಮುಚ್ಚಿದೆ. ಇದ್ದದ್ದು ನಾಲ್ಕು ಸಾಲು. ನಾನು ಓದಿದ್ದು ಮೂರು.

ಅವನು ಆ ಅಂಕಿಗಳನ್ನು ಫೋನಿನ ನಕ್ಷೆಯಲ್ಲಿ ಹಾಕಿ ನೋಡಿದ. ಆ ಜಾಗದಲ್ಲಿ ಈಗ ಅದಿರು ಲಾರಿಗಳ ಅಗಲ ರಸ್ತೆ. ಅವನ ಮುಖ ಕಪ್ಪಿಟ್ಟಿತು.

"ಅಮ್ಮಾ, ಪ್ಲೀಸ್ ಕೇಳು. ಕಲ್ಲು ಕೊಡು, ನಂಬರ್ಸ್ ಕೊಡು. ಕನ್ನಡ ಬೇಡ. ಯಾರಿಗೂ ಓದೋಕೆ ಬರಲ್ಲ. ವಾಕ್ ಹೋದಾಗ ಸಿಕ್ತು ಅಂತ ಹೇಳು, ಮುಗೀತು."

"ಸುಳ್ಳು ಹೇಳ್ಲಾ?"

"ಸುಳ್ಳಲ್ಲ, ಸೈಲೆನ್ಸ್. ನನ್ನ ಬ್ಯಾಡ್ಜ್ ಮೇಲೆ ಏನಿದೆ ಗೊತ್ತಾ? ಶಶಾಂಕ್ ಚಂದ್ರಮೌಳಿ. ಇಲ್ಲಿ ಅಪ್ಪನ ಹೆಸರೇ ನನ್ನ ಸರ್‌ನೇಮ್. ಅವ್ರ ಹೆಸರು ಹೋದ್ರೆ ಅವ್ರಿಗೇನು? ಸೈಟ್‌ನಲ್ಲಿ ದಿನಾ ತಲೆ ತಗ್ಗಿಸೋನು ನಾನು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತ ನೀನೇ ಹೇಳ್ತಿರ್ತೀಯ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಕೂಗಾಡಿದೆ. ನಿನಗೆ ನಾಚಿಕೆ ಇಲ್ಲ, ಮೂರು ಹೊತ್ತೂ ಬ್ಯಾಡ್ಜ್ ಚಿಂತೆ, ಇಂಥ ಮಗನನ್ನು ಹೆತ್ತೆನಲ್ಲ ಎಂದೆಲ್ಲ ಹಾರಾಡಿದೆ. ಸತ್ಯದ ತುತ್ತೂರಿ ಊದುತ್ತಾ ನಾಲ್ಕನೇ ಸಾಲನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದವಳು ನಾನು. ಮಾರನೆಯ ದಿನ ಅವನು ಏರ್‌ಪೋರ್ಟಿಗೆ ಬಿಡಲು ಬಂದಾಗ ದಾರಿಯುದ್ದಕ್ಕೂ ರೇಡಿಯೋ ಹಾಕಿದ್ದ.

ಪರ್ತ್‌ಗೆ ಮರಳುವ ಹೊತ್ತಿಗೆ, ಕಲ್ಲು ಹಿಂದಿರುಗಿಸುತ್ತೇನೆಂದು ನಾನು ಫೋನಿನಲ್ಲಿ ಹೇಳಿದ್ದೇ ತಡ, ಅದಿತಿ ತನ್ನ ಸಡಗರದಲ್ಲಿ ರಮಾಕಾಂತ್‌ಗೆ ಸುದ್ದಿ ಮುಟ್ಟಿಸಿದ್ದಳು. ಅವನು ಮನೆಗೇ ಬಂದ. ಐವತ್ತು ದಾಟಿದೆ, ಇನ್ನೂ ನನ್ನನ್ನು ಆಂಟಿ ಅನ್ನುತ್ತಾನೆ. ಮಧ್ಯಾಹ್ನಕ್ಕೆ ಆರ್ವೋ, ಬಾರ್ಬೆಕ್ಯೂಗೆ ಬಾರ್ಬಿ ಎನ್ನುವ ಇಲ್ಲಿಯವರ ಮಾತೂ ಅವನ ಬಾಯಿಗೆ ಹತ್ತಿದೆ.

"ಆಂಟಿ, ನಮ್ಮ ಕಮ್ಯುನಿಟಿಗೆ ಇದು ಗ್ರೇಟ್ ಮೊಮೆಂಟ್! ಸ್ಯಾಟರ್ಡೇ ಆರ್ವೋ ಹಾಲ್ ಬುಕ್ ಮಾಡಿಬಿಡ್ತೀನಿ. ಹ್ಯಾಂಡೋವರ್, ಶಾಲು, ಹಾರ, ಆಮೇಲೆ ಒಂದು ವೆಜ್ ಬಾರ್ಬಿ. ಅಂಕಲ್ ಕೊನೇವರೆಗೂ ಆ ಕಲ್ಲನ್ನ ದೇವರ ಹಾಗೆ ಕಾಪಾಡಿದ್ರು ಅಂತ ನಾಲ್ಕು ಮಾತು ನಾನೇ ಆಡ್ತೀನಿ. ನೀವು ಸುಮ್ನೆ ಕೈಯಲ್ಲಿ ಕೊಟ್ರೆ ಸಾಕು."

ಸುಮ್ಮನೆ ಕೊಟ್ಟರೆ ಸಾಕು. ಎಷ್ಟು ಸುಲಭದ ಮಾತು! ಸಂಘದಲ್ಲಿ ಚಂದ್ರಮೌಳಿಯ ಹೆಸರಲ್ಲಿ ಪ್ರತಿವರ್ಷ ಮಕ್ಕಳಿಗೆ ಬಹುಮಾನ ಕೊಡುತ್ತಾರೆ. ಗೋಡೆಯ ಮೇಲೆ ಫೋಟೋ ಇದೆ. ನಾನು ಹಬ್ಬಕ್ಕೆ ಹೋದರೆ ಮೊದಲ ಸಾಲಿನಲ್ಲಿ ಕುರ್ಚಿ. ವಾರಕ್ಕೊಮ್ಮೆ ಯಾರಾದರೂ ಸಾರಿನ ಡಬ್ಬಿ ಹಿಡಿದು ಬಂದು ಅರ್ಧ ಗಂಟೆ ಕೂರುತ್ತಾರೆ. ಅಷ್ಟೇ ನನ್ನ ಬಳಗ. ಆ ನಾಲ್ಕು ಸಾಲು ಓದಿದರೆ ಅದೂ ಇರುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷ್ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಪುಸ್ತಕವನ್ನೂ ಕೈಚೀಲದಲ್ಲಿ ಇಟ್ಟುಕೊಂಡೆ, ಯಾಕೆಂದು ನನಗೇ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಕಲ್ಲನ್ನು ಸೀಗೆಪುಡಿ ಹಾಕಿ ಉಜ್ಜಿದೆ. ಹತ್ತೊಂಬತ್ತು ವರ್ಷದ ಎಣ್ಣೆ, ಕುಂಕುಮ. ಎಷ್ಟು ಉಜ್ಜಿದರೂ ತಗ್ಗಿನ ಅಂಚಿನಲ್ಲಿ ಕೆಂಪು ಉಳಿಯಿತು. "ಹೋಗಿ ಬಾ," ಎನ್ನಲು ಹೋದೆ. ಬಾ ಎನ್ನುವುದು ತಪ್ಪೆಂದು ಹೊಳೆದು ಅಲ್ಲಿಗೇ ನಿಲ್ಲಿಸಿದೆ.

ಹಾಲಿನಲ್ಲಿ ನಲವತ್ತು ಜನ. ಆಂಟಿ ಲೊರೇನ್ ಕೋಲೂರಿಕೊಂಡು ಬಂದರು, ಮೊಳಕೈಯಲ್ಲಿ ಡಯಾಲಿಸಿಸ್ ಪಟ್ಟಿ. ರಮಾಕಾಂತ್ ಅವರ ತಲೆಗೆ ಮೈಸೂರು ಪೇಟ ತೊಡಿಸಿದ. ಅವರು ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, "ಚೆನ್ನಾಗಿದೆ, ಆದರೆ ಭಾರ," ಎಂದರು. ಜನ ನಕ್ಕರು. ರಮಾಕಾಂತ್ ಕಾಪಾಡಿದ್ದನ್ನೂ ದೇವರನ್ನೂ ಪಿಲ್ಬರಾ ಈಶ್ವರನನ್ನೂ ಸೇರಿಸಿ ಕಾಲು ಗಂಟೆ ಮಾತಾಡಿದ. ಚಪ್ಪಾಳೆ ಬಿತ್ತು. ನಾನು ಕಲ್ಲನ್ನು ಅವರ ಮಡಿಲಿಗಿಟ್ಟೆ, ಚೀಟಿ ಕೊಟ್ಟೆ.

ಅವರು ಚೀಟಿ ನೋಡಲಿಲ್ಲ. ತಗ್ಗಿನಲ್ಲಿ ಅಂಗೈ ಇಟ್ಟರು. ನಾನು ಮೊದಲ ದಿನ ಇಟ್ಟ ಹಾಗೆಯೇ. ಆಮೇಲೆ ಕೇಳಿದರು, "ಇದು ಒಂದೇ ಇತ್ತಾ ಅಲ್ಲಿ?"

ಸಾಧಾರಣ ಪ್ರಶ್ನೆ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಬಾಗಿಲ ಆಚೆ ಜೋಳ ಸುಡುವ ವಾಸನೆ ಬರುತ್ತಿತ್ತು, ಎಲ್ಲರಿಗೂ ಹಸಿವಾಗಿತ್ತು. ಆದರೆ ಅವರು ಪ್ರಶ್ನೆ ಕೇಳಿ ನನ್ನ ಬಾಯನ್ನೇ ನೋಡುತ್ತಿದ್ದರು. ಇಷ್ಟು ಗಮನ ಕೊಟ್ಟು ನನ್ನ ಉತ್ತರಕ್ಕೆ ಕಾದವರು ಎರಡು ವರ್ಷದಲ್ಲಿ ಒಬ್ಬರೂ ಇರಲಿಲ್ಲ.

ಕೈಚೀಲದಿಂದ ಪುಸ್ತಕ ತೆಗೆದೆ. ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಓದಿದೆ.

"ಇಲ್ಲಿ ಮೂರು ಅರೆಯುವ ಕಲ್ಲುಗಳಿವೆ, ಬೋರಲು ಹಾಕಿಟ್ಟಿದ್ದಾರೆ. ವರದಿಯಲ್ಲಿ ಬರೆದರೆ ದಾರಿ ಬದಲಿಸಬೇಕು, ಕೆಲಸ ಆರು ತಿಂಗಳು ನಿಲ್ಲುತ್ತದೆ. ಬರೆಯುತ್ತಿಲ್ಲ. ಒಂದು ಕಸ್ತೂರಿಗೆ."

ನಲವತ್ತು ಜನಕ್ಕೂ ಅರ್ಥವಾಯಿತು, ಆಂಟಿ ಲೊರೇನ್ ಒಬ್ಬರನ್ನು ಬಿಟ್ಟು. ರಮಾಕಾಂತ್ ನನ್ನ ಮೊಳಕೈ ಹಿಡಿದು, "ಆಂಟಿ, ಸಾಕು. ಇಂಗ್ಲಿಷ್‌ನಲ್ಲಿ ಏನೂ ಬೇಡ," ಎಂದು ಪಿಸುಗುಟ್ಟಿದ.

"ಕೈ ಬಿಡೋ," ಎಂದೆ. ಬಿಟ್ಟ. ಇಂಗ್ಲಿಷಿನಲ್ಲಿ ಹೇಳಿದೆ, ಒಂದೊಂದು ಸಾಲಾಗಿ, ಏನೂ ಬಿಡದೆ.

ಆಂಟಿ ಲೊರೇನ್ ಕಣ್ಣು ಮುಚ್ಚಿಕೊಂಡು ಕೇಳಿದರು. "ಕಸ್ತೂರಿ ಯಾರು?" ಎಂದರು.

"ನಾನೇ. ಒರಳಿಲ್ಲ ಅಂತ ರಾಗ ಎಳೆದಿದ್ದು ನಾನು. ತಂದಾಗ ಕೈ ಇಟ್ಟ ತಕ್ಷಣ ಗೊತ್ತಾಯ್ತು, ಇದು ಯಾರೋ ಹೆಂಗಸರದ್ದು ಅಂತ. ಒಂದು ಸಲ ಕೇಳಿದೆ. ಇನ್ನೊಂದು ಸಲ ಕೇಳಿದ್ರೆ ನಿಜ ಹೇಳಿಬಿಡ್ತಾರೆ ಅಂತ ಕೇಳಲಿಲ್ಲ. ದೇವರು ಮಾಡಿಟ್ಕೊಂಡೆ."

"ಉಳಿದ ಎರಡು?"

"ರಸ್ತೆ ಕೆಳಗೆ ಹೋಗಿವೆ."

ಅವರು ಫೋನ್ ತೆಗೆದು ಚೀಟಿಯ ಅಂಕಿಗಳನ್ನು ನಕ್ಷೆಯಲ್ಲಿ ಹಾಕಿ ನೋಡಿದರು. ಆಮೇಲೆ ಹೇಳಿದ್ದು ನನಗಲ್ಲ, ಮಡಿಲಿನ ಕಲ್ಲಿಗೆ ಎಂಬಂತೆ.

"ನಮ್ಮಮ್ಮ ಹೇಳ್ತಿದ್ರು, ಅಲ್ಲಿನ ಹಳ್ಳದ ದಂಡೆಯಲ್ಲಿ ಮೂರು ಕಲ್ಲಿವೆ ಅಂತ. ಭಾರ ಅಲ್ವಾ, ಹೊತ್ಕೊಂಡು ಹೋಗಲ್ಲ. ಕೆಲಸ ಆದಮೇಲೆ ಬೋರಲು ಹಾಕಿಟ್ಟು ಹೋಗ್ತಾರೆ, ತಗ್ಗಿಗೆ ಕಸ ಬೀಳಬಾರದು. ಮುಂದಿನ ಸಲ ಬಂದವರಿಗೆ ಬೇಕಲ್ಲ. ಎರಡು ಸಾವಿರದ ಒಂಬತ್ತರಲ್ಲಿ ಕಂಪನಿಯವರು ಅಮ್ಮನ್ನ ಜೀಪಲ್ಲಿ ಕರ್ಕೊಂಡು ಹೋದ್ರು. ತೋರಿಸಿ ಅಂದ್ರು. ಏನೂ ಇರಲಿಲ್ಲ. ನಮ್ಮ ವರದಿಯಲ್ಲೂ ಏನೂ ಇಲ್ಲ, ನೀವು ಜಾಗ ಮರೆತಿದ್ದೀರಿ ಅಂದ್ರು. ಅಮ್ಮ ಅಲ್ಲೇ ಕೂತುಬಿಟ್ರು. ಅವತ್ತಿಂದ ತನ್ನ ತಲೆ ಕೆಟ್ಟಿದೆ ಅಂತಲೇ ಅಂದ್ಕೊಂಡ್ರು. ನಮಗೆ ಕಥೆ ಹೇಳೋದನ್ನೇ ನಿಲ್ಲಿಸಿದ್ರು. ಮೊಮ್ಮಕ್ಕಳು ಕೇಳಿದ್ರೆ, ನನ್ನ ಮಾತು ನಂಬಬೇಡಿ, ನನಗೆ ಮರೆವು ಅಂತಿದ್ರು. ಹಾಗೇ ಹೋದ್ರು."

ವೇದಿಕೆಯ ಮೆಟ್ಟಿಲ ಮೇಲೆ ಕುಳಿತೆ.

"ಅದನ್ನ ಇನ್ನೊಂದು ಸಲ ಓದು," ಎಂದು ಅವರು ಅದೇ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ನನ್ನ ಮುಂದೆ ಹಿಡಿದರು. "ಅವನು ಬರೆದ ಭಾಷೆಯಲ್ಲೇ. ಆಮೇಲೆ ಇಂಗ್ಲಿಷ್. ಅಮ್ಮನ ಸಮಾಧಿ ಹತ್ರ ಕೇಳಿಸ್ತೀನಿ. ಮೊಮ್ಮಕ್ಕಳಿಗೂ."

ಓದಿದೆ. "ಇಲ್ಲಿ ಮೂರು" ಎನ್ನುವಲ್ಲಿ ತಡವರಿಸಿ, ಮತ್ತೆ ಮೊದಲಿಂದ ಓದಿದೆ.

"ಮೂರು," ಎಂದರು ಅವರು.

"ಮೂರು," ಎಂದೆ.

ಅವರು ಫೋನ್ ಒಳಗಿಟ್ಟು, ಕಲ್ಲನ್ನು ಮಡಿಲಲ್ಲೇ ಬೋರಲು ಮಾಡಿಕೊಂಡರು. ಥ್ಯಾಂಕ್ಸ್ ಹೇಳಲಿಲ್ಲ. ಯಾಕೆ ಹೇಳಬೇಕು? ಪುಸ್ತಕಕ್ಕೆ ಕೈ ಚಾಚಿದರು, ಕೊಟ್ಟೆ. ಪೇಟವನ್ನು ಕುರ್ಚಿಯ ಮೇಲಿಟ್ಟು, ಕರೆದುಕೊಂಡು ಹೋಗಲು ಬಂದಿದ್ದ ಟ್ಯಾಕ್ಸಿ ಹತ್ತಿ ಹೋದರು.

ಆಚೆ ಜೋಳ ಸೀದುಹೋಗಿತ್ತು. ಜನ ತಟ್ಟೆ ಹಿಡಿದು ಗುಂಪುಗುಂಪಾಗಿ ನಿಂತಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಒಬ್ಬಳು ನೀರು ಕೊಟ್ಟಳು, ಕುಡಿದೆ. ಮನೆಗೆ ಡ್ರಾಪ್ ಬೇಕಾ ಎಂದು ಒಬ್ಬರೂ ಕೇಳಲಿಲ್ಲ. ಬಸ್ಸಿನಲ್ಲಿ ಬಂದೆ.

ದಾರಿಯಲ್ಲಿ ಶಶಾಂಕ್ ಫೋನ್ ಮಾಡಿದ. ಸುದ್ದಿ ಆಗಲೇ ಅಡಿಲೇಡ್ ಮುಟ್ಟಿತ್ತು. "ಒಂದು ಕಸ್ತೂರಿಗೆ ಅಂತ ಇತ್ತಂತಲ್ಲ. ನನಗೆ ಯಾಕೆ ಓದಿ ಹೇಳಲಿಲ್ಲ?" ಎಂದ. ನಾಚಿಕೆ ಆಯಿತು ಕಣೋ ಎಂದೆ. "ಮತ್ತೆ ನನಗೆ ಯಾಕೆ ಬೈದೆ?" ಎಂದ. ಫೋನ್ ಇಟ್ಟುಬಿಟ್ಟ. ಅದಾಗಿ ಐದು ವಾರವಾಯಿತು, ಮತ್ತೆ ಮಾಡಿಲ್ಲ. ಅದಿತಿ ಮಾತ್ರ "ಪ್ರೌಡ್ ಆಫ್ ಯೂ" ಎಂದು ಮೆಸೇಜು ಹಾಕಿದ್ದಾಳೆ, ಮೂರು ಹೃದಯ ಹಚ್ಚಿ. ಸಾರಿನ ಡಬ್ಬಿಗಳು ನಿಂತಿವೆ.

ಅವತ್ತು ಮನೆಗೆ ಬಂದವಳೇ ಕಾಲು ತೊಳೆದು ದೇವರಮನೆಗೆ ಹೋದೆ. ದೀಪ ಹಚ್ಚಿದೆ. ಮಣೆಯ ಮೇಲೆ ಕಲ್ಲು ಕೂತಿದ್ದ ಜಾಗ ದುಂಡಗೆ ಬಿಳುಪಾಗಿತ್ತು. ಮಾತು ಬಾಯಿಗೆ ಬಂದಿತ್ತು, ಯಾರಿಗೆ ಹೇಳುವುದು? ಎದ್ದು ಹಾಲಿಗೆ ಬಂದು ಚಂದ್ರಮೌಳಿಯ ಫೋಟೋ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತೆ. ಅವರು ನಗುತ್ತಿದ್ದರು, ಯಾವಾಗಿನ ಹಾಗೆ, ಇವಳ ಕೋಪ ಈಗ ಇಳಿದೀತೆಂದು ಕಾಯುವವರ ಹಾಗೆ.

"ಅಲ್ಲಾ ರೀ," ಎಂದೆ, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ, "ನಾನು ಕೇಳಿದ್ದು ಚಟ್ನಿ ರುಬ್ಬೋಕೆ ಒಂದು ಕಲ್ಲು. ಆ ಮುದಿ ತಾಯಿಯ ನೆನಪನ್ನ ಕಿತ್ತು ತಂದುಕೊಡಿ ಅಂತ ಕೇಳಿದ್ನಾ ನಾನು?"